ಒಂದೇ ಪುಟ, ಹತ್ತು ಕೈ: ದೂರದೂರದ ಜನ ಕೂಡಿ ಬರೆಯುವುದು ಹೇಗೆ?

ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಗೆ ನೂರು ತುಂಬುವ ಹೊತ್ತಿಗೆ ಒಂದು ಸ್ಮರಣ ಸಂಚಿಕೆ ತರಬೇಕೆಂದು ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ತೀರ್ಮಾನ ಮಾಡಿದೆವು. ಆದರೆ ಬರೆಯುವವರು ಒಂದೂರಲ್ಲಿ ಇರಲಿಲ್ಲ. ಒಬ್ಬರು ಬೆಂಗಳೂರಿನ ಪೀಣ್ಯದಲ್ಲಿ, ಒಬ್ಬರು ಮುಂಬೈ ಕಡೆಯ ಡೊಂಬಿವಲಿಯಲ್ಲಿ, ಇನ್ನೊಬ್ಬರು ಮಸ್ಕತ್ತಿನಲ್ಲಿ. ನಮಗೆಲ್ಲ ಅ ಆ ಇ ಈ ತಿದ್ದಿಸಿದ ಮೇಷ್ಟ್ರು ಮಾತ್ರ ಊರಲ್ಲೇ.

ಮೊದಲ ತಿಂಗಳು ವಾಟ್ಸ್ಆ್ಯಪ್‌ನಲ್ಲಿ ಫೈಲ್ ಓಡಾಡಿತು. 'ಶಾಲೆಯ ಇತಿಹಾಸ' ಎಂಬ ಫೈಲ್ 'ಶಾಲೆಯ ಇತಿಹಾಸ ತಿದ್ದಿದ್ದು' ಆಯಿತು, ಆಮೇಲೆ 'ಕೊನೆಯದು' ಆಯಿತು, ಅದರ ಮೇಲೆ 'ಕೊನೆಯದು 2' ಬಂತು. ಡೊಂಬಿವಲಿಯವರು 'ತಿದ್ದಿದ್ದು' ಹಿಡಿದುಕೊಂಡು ಎರಡು ಪುಟ ಸೇರಿಸಿದರು. ಅದೇ ರಾತ್ರಿ ಮಸ್ಕತ್ತಿನವರು 'ಕೊನೆಯದು' ತೆರೆದು ಮೂರು ಪ್ಯಾರಾ ಹೊಡೆದು ಹಾಕಿದರು. ಬೆಳಗಾಗುವಷ್ಟರಲ್ಲಿ ನಮ್ಮ ಕೈಯಲ್ಲಿ ಒಂದಕ್ಕೊಂದು ಹೊಂದದ ಎರಡು ಇತಿಹಾಸಗಳಿದ್ದವು.

ಆಗ ಯಾರೋ ಒಬ್ಬರು ಎಲ್ಲವನ್ನೂ ಒಂದು ಗೂಗಲ್ ಡಾಕ್ಸ್ ಪುಟಕ್ಕೆ ಹಾಕಿ ಲಿಂಕ್ ಕಳಿಸಿದರು. ಮೇಷ್ಟ್ರಿಗೆ ಫೋನಿನಲ್ಲಿ ಅದನ್ನು ತೋರಿಸಿದಾಗ, ಯಾರೋ ಟೈಪಿಸುತ್ತಿದ್ದದ್ದು ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು. ಅವರು ಸ್ವಲ್ಪ ಹೊತ್ತು ನೋಡಿ, "ಎಲ್ಲರ ಕೈಗೂ ಸೀಮೆಸುಣ್ಣ ಕೊಟ್ಟರೆ ಬೋರ್ಡಿನ ಮೇಲೆ ಏನು ಉಳಿಯುತ್ತೆ ಮಾರಾಯಾ?" ಎಂದು ಕೇಳಿದರು. "ಎಲ್ಲ ಉಳಿಯುತ್ತೆ ಮೇಷ್ಟ್ರೇ" ಎಂದೆ. ಹೇಗೆ ಎಂದು ಬಿಡಿಸಿ ಹೇಳಲು ಅಂದು ನನಗೆ ಬರಲಿಲ್ಲ. ಶಾಲೆಯ ಪ್ರಾಜೆಕ್ಟು, ಸಂಘದ ವರದಿ, ಕಚೇರಿಯ ಟಿಪ್ಪಣಿ ಎಲ್ಲವೂ ಈಗ ಇಂಥ ಹಂಚಿಕೊಂಡ ಪುಟಗಳಲ್ಲೇ ನಡೆಯುತ್ತಿರುವುದರಿಂದ ಆ ಪ್ರಶ್ನೆಗೆ ನಿಧಾನವಾಗಿ ಉತ್ತರ ಹುಡುಕುವುದು ವಾಸಿ.

## ಜೆರಾಕ್ಸ್ ಪ್ರತಿ ಮತ್ತು ಹಾಜರಿ ಪುಸ್ತಕ

ಫೈಲ್ ಕಳಿಸುವುದೆಂದರೆ ಜೆರಾಕ್ಸ್ ತೆಗೆದು ಹಂಚಿದಂತೆ. ಕೊಟ್ಟ ಕ್ಷಣದಿಂದ ನನ್ನ ಪ್ರತಿಗೂ ನಿಮ್ಮ ಪ್ರತಿಗೂ ಸಂಬಂಧ ಇಲ್ಲ. ನೀವು ಮಾಡಿದ ತಿದ್ದುಪಡಿ ನನ್ನ ಹಾಳೆಗೆ ಬರಬೇಕಾದರೆ ಯಾರಾದರೂ ಕೂತು ಎರಡನ್ನೂ ತಾಳೆ ನೋಡಬೇಕು.

ಹಂಚಿಕೊಂಡ ಪುಟ ಶಾಲೆಯ ಹಾಜರಿ ಪುಸ್ತಕ ಇದ್ದಂತೆ. ಪುಸ್ತಕ ಇರುವುದು ಒಂದೇ, ಹೆಡ್‌ಮಾಸ್ತರ ಮೇಜಿನ ಮೇಲೆ. ಸಹಿ ಹಾಕುವವರು ಅಲ್ಲಿಗೇ ಬಂದು ಹಾಕುತ್ತಾರೆ. ಇಲ್ಲಿ ಆ ಮೇಜಿನ ಜಾಗದಲ್ಲಿರುವುದು ಸರ್ವರ್, ಅಂದರೆ ಹಗಲೂ ರಾತ್ರಿ ಚಾಲೂ ಇರುವ, ಇಂಟರ್‌ನೆಟ್ಟಿಗೆ ಜೋಡಿಸಿದ ದೊಡ್ಡ ಕಂಪ್ಯೂಟರ್. ಮೂಲ ಪುಟ ಅದರಲ್ಲಿರುತ್ತದೆ. ನಮ್ಮ ಫೋನಿನಲ್ಲಿ ಕಾಣುವುದು ಅದರ ಪ್ರತಿಬಿಂಬ. ನಾವು ಒಂದಕ್ಷರ ಒತ್ತಿದರೆ ಆ ಸುದ್ದಿ ಸರ್ವರಿಗೆ ಹೋಗಿ, ಅಲ್ಲಿಂದ ಪುಟ ತೆರೆದಿಟ್ಟುಕೊಂಡ ಉಳಿದವರಿಗೆಲ್ಲ ಹಂಚಿಕೆಯಾಗುತ್ತದೆ. ಇಡೀ ಪುಟ ಓಡಾಡುವುದಿಲ್ಲ, 'ಇಂಥಲ್ಲಿ ಇಂಥದ್ದು ಸೇರಿತು' ಎಂಬ ಚುಟುಕು ಸಂದೇಶ ಮಾತ್ರ ಓಡಾಡುತ್ತದೆ. ನೆಟ್‌ವರ್ಕ್ ಕುಂಟುವ ಮಲೆನಾಡಿನಲ್ಲೂ ಇದು ಹೇಗೋ ನಡೆದುಹೋಗುವುದಕ್ಕೆ ಅದೇ ಕಾರಣ.

## ಇದು ಎಲ್ಲಿಂದ ಬಂತು

ಆಸೆ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರ್, ದೂರದಲ್ಲಿ ಕೂತ ಸಹೋದ್ಯೋಗಿಯ ಜೊತೆ ಒಂದೇ ಪರದೆಯ ಮೇಲಿನ ಬರಹದಲ್ಲಿ ಕೆಲಸ ಮಾಡಿ ತೋರಿಸಿದ್ದರು. ಜನಸಾಮಾನ್ಯರ ಕೈಗೆ ಅದು ಬರಲು ಇನ್ನೂ ಕಾಲು ಶತಮಾನ ಹಿಡಿಯಿತು.

1995ರ ಮಾರ್ಚ್‌ನಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಪ್ರೋಗ್ರಾಮರ್, ಓದುವವರೇ ತಿದ್ದಬಹುದಾದ ಜಾಲತಾಣ ಮಾಡಿದರು. ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡಾಡುವ ಬಸ್ಸಿಗೆ 'ವಿಕಿ ವಿಕಿ' ಎಂಬ ಹೆಸರಿತ್ತು. ಹವಾಯಿ ಭಾಷೆಯಲ್ಲಿ ಬೇಗ ಬೇಗ ಎಂದರ್ಥ. ಅದೇ ಹೆಸರನ್ನು ಅವರು ತಮ್ಮ ತಾಣಕ್ಕೆ ಇಟ್ಟರು.

ಮುಂದಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. 2000ದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ನ್ಯೂಪೀಡಿಯ ಎಂಬ ವಿಶ್ವಕೋಶ ಶುರು ಮಾಡಿದರು. ವಿಷಯ ತಜ್ಞರೇ ಬರೆಯಬೇಕು, ಬರೆದದ್ದು ಏಳು ಹಂತದ ಪರಿಶೀಲನೆ ದಾಟಬೇಕು ಎಂಬುದು ಕ್ರಮ. ತಪ್ಪೇ ನುಸುಳದಂತೆ ಬಾಗಿಲಲ್ಲೇ ತಡೆಯುವ ಯೋಚನೆ ಅದು. ಮೊದಲ ವರ್ಷ ಮುಗಿಯುವಾಗ ಇಪ್ಪತ್ತರ ಆಸುಪಾಸು ಲೇಖನಗಳು ಮಾತ್ರ ತಯಾರಾಗಿದ್ದವು. 2001ರ ಜನವರಿ 15ರಂದು ಅದರ ಮಗ್ಗುಲಲ್ಲೇ, ಯಾರು ಬೇಕಾದರೂ ತಿದ್ದಬಹುದಾದ ವಿಕಿಪೀಡಿಯ ತೆರೆದರು. ಆ ವರ್ಷ ಮುಗಿಯುವಾಗ ಎಲ್ಲ ಭಾಷೆಗಳೂ ಸೇರಿ ಸುಮಾರು 20,000 ಲೇಖನಗಳಿದ್ದವು. ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಹುಟ್ಟಿತು. ಕನ್ನಡ ಲಿಪಿಯಲ್ಲೇ ಬರೆಯುವ ತುಳು ವಿಕಿಪೀಡಿಯ 2016ರಲ್ಲಿ ಸ್ವತಂತ್ರವಾಗಿ ಹೊರಬಂತು.

ಎಲ್ಲರೂ ಒಂದೇ ಹೊತ್ತಿಗೆ ಟೈಪಿಸುವ ಬಗೆ ಇದರ ಇನ್ನೊಂದು ಕವಲು. 2005ರಲ್ಲಿ ಬಂದ ರೈಟ್ಲಿ ಎಂಬ ಪುಟ್ಟ ಸೇವೆಯನ್ನು 2006ರಲ್ಲಿ ಗೂಗಲ್ ಕೊಂಡುಕೊಂಡಿತು. ಇಂದಿನ ಗೂಗಲ್ ಡಾಕ್ಸ್‌ನ ಮೂಲ ಅದು.

## ಇಬ್ಬರೂ ಒಟ್ಟಿಗೇ ಟೈಪಿಸಿದರೆ?

ನಮ್ಮ ಸಂಚಿಕೆಯ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ:

ಶಾಲೆಗೆ ಬಾವಿ ಇತ್ತು.

ಡೊಂಬಿವಲಿಯವರು ವಾಕ್ಯದ ಮೊದಲಿಗೆ 'ನಮ್ಮ' ಎಂದು ಸೇರಿಸುತ್ತಾರೆ. ಅದೇ ಕ್ಷಣ ಮಸ್ಕತ್ತಿನವರು 'ಬಾವಿ'ಯ ಹಿಂದೆ 'ಸಿಹಿನೀರಿನ' ಎಂದು ಸೇರಿಸುತ್ತಾರೆ. ಇಬ್ಬರಿಗೂ ಇನ್ನೊಬ್ಬರು ಮಾಡಿದ್ದು ಇನ್ನೂ ಕಂಡಿಲ್ಲ.

ಕಂಪ್ಯೂಟರಿಗೆ ವಾಕ್ಯವೆಂದರೆ ಸಾಲಾಗಿ ನಿಂತ ಚಿಹ್ನೆಗಳು. ಕಾಗುಣಿತದ ಗುರುತೂ ಅದಕ್ಕೆ ಒಂದು ಬೇರೆ ಚಿಹ್ನೆಯೇ. 'ಶಾಲೆಗೆ' ಎಂಬುದರಲ್ಲಿ ಶ, ದೀರ್ಘದ ಗುರುತು, ಲ, ಎತ್ವ, ಗ, ಮತ್ತೆ ಎತ್ವ ಎಂದು ಆರು. ಅದರ ಮುಂದಿನ ಖಾಲಿ ಜಾಗ ಏಳನೆಯದು. ಹಾಗಾಗಿ ಮಸ್ಕತ್ತಿನಿಂದ ಹೊರಟ ಸಂದೇಶ, 'ಏಳು ಚಿಹ್ನೆ ಆದ ಮೇಲೆ ಸಿಹಿನೀರಿನ ಎಂದು ಸೇರಿಸು' ಎಂದಿರುತ್ತದೆ.

ಆದರೆ ಅಷ್ಟರಲ್ಲಿ ಸರ್ವರಿಗೆ ಡೊಂಬಿವಲಿಯ 'ನಮ್ಮ' ತಲುಪಿಬಿಟ್ಟಿದೆ. ನ, ಮ, ಒತ್ತಕ್ಷರ ಮಾಡುವ ವಿರಾಮದ ಗುರುತು, ಮ, ಖಾಲಿ ಜಾಗ ಎಂದು ಐದು ಚಿಹ್ನೆಗಳು ಮುಂದೆ ಬಂದು ಕೂತಿವೆ. ಮಸ್ಕತ್ತಿನ ಮಾತನ್ನು ಇದ್ದಂತೆಯೇ ಪಾಲಿಸಿದರೆ ಏಳನೆಯ ಚಿಹ್ನೆ ಈಗ 'ಶಾ' ಎಂಬಲ್ಲಿ ಮುಗಿಯುತ್ತದೆ. ಫಲ:

ನಮ್ಮ ಶಾಸಿಹಿನೀರಿನ ಲೆಗೆ ಬಾವಿ ಇತ್ತು.

ಹೀಗಾಗದಂತೆ ನೋಡಿಕೊಳ್ಳುವ ಲೆಕ್ಕಾಚಾರವೇ ಈ ಸಲಕರಣೆಗಳ ಜೀವಾಳ. ಸಂದೇಶ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ನಡುವೆ ಏನೇನು ಬದಲಾಯಿತು ಎಂದು ನೋಡಿ, ಆ ಸಂದೇಶವನ್ನೇ ತಿದ್ದಿಕೊಳ್ಳುವುದು ಒಂದು ಉಪಾಯ. ಮುಂದೆ ಐದು ಸೇರಿದೆ, ಆದ್ದರಿಂದ ಏಳು ಎಂದಿದ್ದನ್ನು ಹನ್ನೆರಡು ಎಂದು ಓದಿಕೋ. ಆಗ 'ನಮ್ಮ ಶಾಲೆಗೆ ಸಿಹಿನೀರಿನ ಬಾವಿ ಇತ್ತು' ಎಂದು ಮೂರೂ ಊರಿನ ಪರದೆಗಳಲ್ಲಿ ಒಂದೇ ಸಾಲು ಮೂಡುತ್ತದೆ. ಬಸ್ಸಿನ ಕ್ಯೂನಲ್ಲಿ ನಿಮ್ಮ ಮುಂದೆ ಐದು ಜನ ಬಂದು ಸೇರಿಕೊಂಡರೆ, ಏಳನೆಯವರಾಗಿದ್ದ ನೀವು ಹನ್ನೆರಡನೆಯವರಾಗುತ್ತೀರಿ. ನಿಮ್ಮನ್ನು ಹುಡುಕಿಕೊಂಡು ಬಂದವರು ಅದನ್ನು ಲೆಕ್ಕ ಹಿಡಿಯಬೇಕು, ಅಷ್ಟೆ. ಈ ವಿಧಾನವನ್ನು ಕ್ಲಾರೆನ್ಸ್ ಎಲಿಸ್ ಮತ್ತು ಸೈಮನ್ ಗಿಬ್ಸ್ 1989ರಲ್ಲಿ ವಿವರಿಸಿದರು. ಗೂಗಲ್ ಡಾಕ್ಸ್ ನಡೆಯುವುದು ಇದೇ ದಾರಿಯಲ್ಲಿ.

ಇನ್ನೊಂದು ಉಪಾಯ ನಮ್ಮ ಹಳ್ಳಿಯವರು ವಿಳಾಸ ಹೇಳುವ ಕ್ರಮಕ್ಕೆ ಹತ್ತಿರ. ಊರಲ್ಲಿ ಯಾರೂ 'ಈ ಸಾಲಿನ ಏಳನೇ ಮನೆ' ಎನ್ನುವುದಿಲ್ಲ, 'ಪಟೇಲರ ಮನೆಯ ಪಕ್ಕದ್ದು' ಎನ್ನುತ್ತಾರೆ. ನಡುವೆ ಹೊಸ ಮನೆ ಎಷ್ಟೇ ಎದ್ದರೂ ಪಟೇಲರ ಮನೆ ತಪ್ಪುವುದಿಲ್ಲ. ಹಾಗೆಯೇ ಪ್ರತಿ ಅಕ್ಷರಕ್ಕೂ ಎಂದೂ ಬದಲಾಗದ ಗುರುತು ಕೊಟ್ಟು, 'ಇಂಥ ಅಕ್ಷರದ ಪಕ್ಕ' ಎಂದು ಹೇಳುವ ವಿಧಾನಗಳೂ ಬಂದಿವೆ. ಇವುಗಳಲ್ಲಿ ನಡುವೆ ನಿಂತು ಸರಿಪಡಿಸುವ ಸರ್ವರ್ ಇಲ್ಲದಿದ್ದರೂ ನಡೆಯುತ್ತದೆ. ನೆಟ್ ಇಲ್ಲದಾಗ ಬರೆದಿಟ್ಟು, ಆಮೇಲೆ ಜೋಡಿಸುವುದಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಯಂತ್ರಕ್ಕೆ ಗೊತ್ತಿರುವುದು ಎಲ್ಲರ ಪರದೆಯೂ ಒಂದೇ ಆಗಿರಬೇಕು ಎಂಬುದಷ್ಟೇ. ಬರಹ ಸರಿಯೇ ತಪ್ಪೇ ಅದಕ್ಕೆ ತಿಳಿಯದು. ಒಬ್ಬ ಹೆಡ್‌ಮಾಸ್ತರು ನಿವೃತ್ತರಾದ ವರ್ಷವನ್ನು ಇಬ್ಬರು ಒಂದೇ ಕಡೆ, ಒಂದೇ ಹೊತ್ತಿಗೆ ತುಂಬಿದ್ದರಿಂದ ನಮ್ಮ ಪುಟದಲ್ಲಿ ಒಂದು ದಿನ '19761978' ಎಂದು ಮೂಡಿತ್ತು. ಎಲ್ಲರ ಫೋನಿನಲ್ಲೂ ಹಾಗೆಯೇ ಇತ್ತು. ಎರಡರಲ್ಲಿ ಯಾವುದು ನಿಜ ಎಂದು ಹುಡುಕುವ ಕೆಲಸ ನಮ್ಮದೇ ಆಗಿತ್ತು.

ವಿಕಿಯಲ್ಲಿ ಕ್ರಮ ಬೇರೆ. ಅಲ್ಲಿ ಅಕ್ಷರ ಅಕ್ಷರಕ್ಕೆ ಸಂದೇಶ ಹೋಗುವುದಿಲ್ಲ. ನೀವು ಪುಟ ತೆರೆದು, ತಿದ್ದಿ, ಪ್ರಕಟಿಸುವ ಗುಂಡಿ ಒತ್ತಬೇಕು. ಅಷ್ಟರೊಳಗೆ ಬೇರೆಯವರು ಅದೇ ಸಾಲನ್ನು ತಿದ್ದಿ ಪ್ರಕಟಿಸಿದ್ದರೆ, 'ಸಂಪಾದನೆಯಲ್ಲಿ ಘರ್ಷಣೆಯಾಗಿದೆ' ಎಂದು ಅವರ ಬರಹವನ್ನೂ ನಿಮ್ಮದನ್ನೂ ಎದುರೆದುರು ಇಟ್ಟು, ಹೊಂದಿಸಿ ಕೊಡಿ ಎಂದು ನಿಮ್ಮನ್ನೇ ಕೇಳುತ್ತದೆ.

## ಕೂಡಿ ಬರೆಯುವ ಮೊದಲು ಅಕ್ಷರ ಕೂಡಬೇಕು

ಕನ್ನಡದವರಿಗೆ ಇಲ್ಲೊಂದು ತೊಡಕಿದೆ. ನಮ್ಮ ಸಂಚಿಕೆಗೆ ಬಂದ ಒಳ್ಳೆಯ ಲೇಖನವೊಂದನ್ನು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅದನ್ನು ನಕಲು ಮಾಡಿ ಹಂಚಿಕೊಂಡ ಪುಟಕ್ಕೆ ಅಂಟಿಸಿದರೆ ತಲೆಯ ಮೇಲೆ ಕೊಂಬು ಬಾಲ ಹೊತ್ತ ರೋಮನ್ ಅಕ್ಷರಗಳ ರಾಶಿ ಬಿತ್ತು. ಒಂದಕ್ಷರ ಕನ್ನಡ ಇರಲಿಲ್ಲ. ಲೇಖನ ಬರೆದ ಹಿರಿಯರು, ತಮ್ಮ ಬರಹ ಹಾಳಾಯಿತೆಂದೇ ಗಾಬರಿಪಟ್ಟರು.

ಹಾಳಾಗಿರಲಿಲ್ಲ. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿಗೆ ಕನ್ನಡ ಎಂಬುದೇ ಗೊತ್ತಿರುತ್ತಿರಲಿಲ್ಲ. ಅದು ಒಳಗೆ ಇಟ್ಟುಕೊಳ್ಳುತ್ತಿದ್ದದ್ದು ರೋಮನ್ ಅಕ್ಷರದ ಸಂಖ್ಯೆಯನ್ನೇ. ಫಾಂಟು ಮಾತ್ರ ಆ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತಿತ್ತು. ಫಾಂಟು ಕಳಚಿದರೆ ವೇಷ ಕಳಚಿದಂತೆ, ಒಳಗಿನ ರೋಮನ್ ಹೊರಬೀಳುತ್ತದೆ. 1991ರಲ್ಲಿ ಶುರುವಾದ ಯೂನಿಕೋಡ್ ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುತ್ತ ಬಂತು. 'ಕ' ಎಂದರೆ 3221, ಯಾವ ಊರಿನ ಯಾವ ಫೋನಿನಲ್ಲೂ 3221. ಹಾಗಾಗಿಯೇ ಮಸ್ಕತ್ತಿನ 'ಕ' ಪೀಣ್ಯದಲ್ಲೂ 'ಕ' ಆಗಿ ಬರುತ್ತದೆ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪರಿವರ್ತನೆ ಆದ ಮೇಲೆ ಒಮ್ಮೆ ಕಣ್ಣಾಡಿಸಿ. ನಡುನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರ ಮಾಡಿಬಿಟ್ಟಿರುತ್ತದೆ.

ಯೂನಿಕೋಡಿನಲ್ಲೂ ಒಂದು ಸೂಕ್ಷ್ಮ ಇದೆ. 'ಸಾಫ್ಟ್‌ವೇರ್' ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಹಾಕದಿದ್ದರೆ 'ಸಾಫ್ಟ್ವೇರ್' ಎಂದು ಒತ್ತಾಗಿ ಕೂಡಿಕೊಳ್ಳುತ್ತದೆ. ಬರೆಯುವವರು ಹತ್ತು ಜನ ಇದ್ದು, ಐವರು ಹೀಗೆ ಐವರು ಹಾಗೆ ಬರೆದರೆ, ಹುಡುಕಿದಾಗ ಅರ್ಧ ಸಿಗದೇ ಹೋಗಬಹುದು. ಕೆಲಸ ಶುರು ಮಾಡುವ ಮೊದಲೇ ಯಾವ ಪದವನ್ನು ಹೇಗೆ ಬರೆಯುವುದೆಂದು ಮಾತಾಡಿಕೊಂಡರೆ ಕೊನೆಯಲ್ಲಿ ಒದ್ದಾಟ ತಪ್ಪುತ್ತದೆ.

## ಅಳಿಸಿದ್ದು ಎಲ್ಲಿಗೆ ಹೋಗುತ್ತದೆ?

ಮೇಷ್ಟ್ರ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ. ಕಪ್ಪು ಹಲಗೆಯ ಮೇಲೆ ಒರೆಸಿದ್ದು ಹೋಯಿತು. ಈ ಪುಟಗಳಲ್ಲಿ ಒರೆಸಿದ್ದು ಹೋಗುವುದಿಲ್ಲ, ಹಿಂದಿನ ಸಾಲಿಗೆ ಸರಿಯುತ್ತದೆ.

ಜಮೀನಿನ ಮ್ಯುಟೇಶನ್ ರಿಜಿಸ್ಟರ್ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಪಹಣಿಯಲ್ಲಿ ಕಾಣುವುದು ಇವತ್ತಿನ ಖಾತೆದಾರರ ಹೆಸರು. ಆ ಹೆಸರು ಹೇಗೆ ಬಂತು, ಅದಕ್ಕೆ ಮೊದಲು ಯಾರದ್ದಿತ್ತು, ಕ್ರಯವೋ ವಿಭಾಗವೋ ಪೌತಿಯೋ, ಯಾವ ತಾರೀಖು ಎಂಬುದೆಲ್ಲ ಮ್ಯುಟೇಶನ್ನಿನಲ್ಲಿ ಒಂದರ ಹಿಂದೆ ಒಂದು ಇರುತ್ತದೆ. ವಿಕಿಪೀಡಿಯದ ಪ್ರತಿ ಪುಟದ ಮೇಲೂ ಇತಿಹಾಸದ ಕೊಂಡಿಯೊಂದಿದೆ. ಒತ್ತಿದರೆ ಆ ಪುಟ ಹುಟ್ಟಿದ ದಿನದಿಂದ ಇಂದಿನವರೆಗೆ ಯಾರು, ಎಷ್ಟು ಹೊತ್ತಿಗೆ, ಏನು ಬದಲಿಸಿದರು ಎಂಬ ಪಟ್ಟಿ ತೆರೆಯುತ್ತದೆ. ಯಾವುದೇ ಎರಡು ಸಾಲು ಆರಿಸಿದರೆ ಹಳೆಯದು ಎಡಕ್ಕೆ, ಹೊಸದು ಬಲಕ್ಕೆ ಬಂದು, ಬದಲಾದ ಪದಗಳಿಗೆ ಬಣ್ಣ ಬಿದ್ದಿರುತ್ತದೆ. ತಿದ್ದಿದವರು 'ಸಾರಾಂಶ' ಎಂಬ ಜಾಗದಲ್ಲಿ ಯಾಕೆ ತಿದ್ದಿದೆ ಎಂದು ಒಂದು ಸಾಲು ಬರೆದಿರುತ್ತಾರೆ. ಬರೆಯುವುದು ಒಳ್ಳೆಯ ರೂಢಿ. ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಸಂಖ್ಯೆ ಇರುತ್ತದೆ. ಪುಟ ಬೆಳೆದಿದ್ದರೆ ಹಸಿರು, ಕುಗ್ಗಿದ್ದರೆ ಕೆಂಪು. ಆ ಲೆಕ್ಕ ಬೈಟ್‌ಗಳಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬರಹ ಹಿಡಿಯುವ ಜಾಗದ ಅಳತೆಯಲ್ಲಿ. ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್, ಹಾಗಾಗಿ ಒಂದು ದೀರ್ಘ ಹಾಕಿದರೂ ಅಲ್ಲಿ +3 ಎಂದು ದಾಖಲಾಗುತ್ತದೆ.

ಗೂಗಲ್ ಡಾಕ್ಸ್‌ನಲ್ಲೂ ಹೀಗೆ ಹಿಂದಿನ ಆವೃತ್ತಿಗಳನ್ನು ತೆರೆದು ನೋಡಬಹುದು, ಬೇಕಾದರೆ ಹಳೆಯದನ್ನೇ ವಾಪಸು ತರಬಹುದು.

ಹಲವು ಕೈಗಳ ಬರಹ ಕನ್ನಡಕ್ಕೆ ಹೊಸದಲ್ಲ. 15, 16ನೇ ಶತಮಾನಗಳಲ್ಲಿ ಶೂನ್ಯಸಂಪಾದನೆಯನ್ನು ಮೊದಲು ಶಿವಗಣಪ್ರಸಾದಿ ಮಹಾದೇವಯ್ಯ, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಹೀಗೆ ನಾಲ್ವರು ಒಬ್ಬರಾದ ಮೇಲೊಬ್ಬರು ಸಂಪಾದಿಸಿದರು. ಹಿಂದಿನವರದ್ದನ್ನು ಮುಂದಿನವರು ಹಿಗ್ಗಿಸಿದರು, ಮರುಜೋಡಿಸಿದರು. ನಾಲ್ಕೂ ಉಳಿದು ಬಂದಿರುವುದರಿಂದಲೇ ಯಾರು ಏನು ಬದಲಿಸಿದರು ಎಂದು ಇಂದು ವಿದ್ವಾಂಸರು ಹೇಳಬಲ್ಲರು. ತಾಳೆಗರಿಯ ಗ್ರಂಥಗಳನ್ನು ಸಂಪಾದಿಸುವವರು ಕ ಪ್ರತಿ, ಖ ಪ್ರತಿ ಎಂದು ಗುರುತಿಸಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರಲ್ಲ, ವಿಕಿಯ ಇತಿಹಾಸ ಪುಟ ಮಾಡುವುದು ಅದೇ ಕೆಲಸವನ್ನು. ಯಾವ ಪ್ರತಿಯೂ ಕಳೆಯುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ನ್ಯೂಪೀಡಿಯಕ್ಕೂ ವಿಕಿಪೀಡಿಯಕ್ಕೂ ಇರುವ ಅಂತರ ಇದರಿಂದ ಅರ್ಥವಾಗುತ್ತದೆ. ತಪ್ಪನ್ನು ವಾಪಸು ತೆಗೆಯುವುದು ಗುಂಡಿ ಒತ್ತುವಷ್ಟು ಸುಲಭವಾದರೆ, ಪರಿಚಯವಿಲ್ಲದವರಿಗೂ ಲೇಖನಿ ಕೊಡಲು ಧೈರ್ಯ ಬರುತ್ತದೆ. ಐಬಿಎಂ ಸಂಶೋಧಕರು ಇಂಗ್ಲಿಷ್ ವಿಕಿಪೀಡಿಯದ ಈ ಇತಿಹಾಸಗಳನ್ನೇ ಅಭ್ಯಾಸ ಮಾಡಿ 2004ರಲ್ಲಿ ಪ್ರಕಟಿಸಿದ ಬರಹದಲ್ಲಿ, ಪುಟದ ಬಹುಭಾಗವನ್ನು ಅಳಿಸಿಹಾಕಿದ ಪ್ರಕರಣಗಳಲ್ಲಿ ಅರ್ಧದಷ್ಟು ಮೂರು ನಿಮಿಷದೊಳಗೆ ಸರಿಯಾಗಿದ್ದವು ಎಂದು ತೋರಿಸಿದ್ದಾರೆ.

## ಮಾತಿಗೆ ಮಾತು ಬೆಳೆದರೆ

ನಮ್ಮ ಪುಟದಲ್ಲಿ ಅತಿ ದೊಡ್ಡ ಜಗಳ ಆದದ್ದು ಆ ಬಾವಿಯ ಬಗ್ಗೆಯೇ. ಅದನ್ನು ತೋಡಿದ ವರ್ಷ 1962 ಎಂದು ಒಬ್ಬರು, 1965 ಎಂದು ಇನ್ನೊಬ್ಬರು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಮರುದಿನ ಹಿಂದಕ್ಕೆ ತಿರುಗಿಸುತ್ತಿದ್ದರು. ಕೊನೆಗೆ ಆ ವಾಕ್ಯವನ್ನು ಮುಟ್ಟದೆ, ಪಕ್ಕದ ಅಂಚಿನಲ್ಲಿ ಕಾಮೆಂಟ್ ಬರೆಯೋಣ ಎಂದು ಒಪ್ಪಿಕೊಂಡರು. ಹದಿನಾಲ್ಕು ಕಾಮೆಂಟ್ ಆದವು. ಆಗ ಊರಲ್ಲಿದ್ದ ಹುಡುಗನೊಬ್ಬ ಬಾವಿಕಟ್ಟೆಗೆ ಹೋಗಿ, ಕಲ್ಲಿನ ಮೇಲಿನ ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು ಫೋಟೋ ಹಾಕಿದ. ಕಲ್ಲಿನಲ್ಲಿ 1958 ಎಂದು ಕೆತ್ತಿತ್ತು. ಇಬ್ಬರೂ ಒಪ್ಪಿದರು. ಫೋಟೋವನ್ನು ಆ ವಾಕ್ಯದ ಪಕ್ಕದಲ್ಲೇ ಹಾಕಿದೆವು.

ವಿಕಿಪೀಡಿಯದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಪ್ರತಿ ಲೇಖನದ ಬೆನ್ನಿಗೂ ಒಂದು 'ಚರ್ಚೆ' ಪುಟ ಇರುತ್ತದೆ. ವಾದ ಲೇಖನದೊಳಗೆ ನಡೆಯಬಾರದು, ಚರ್ಚೆಯಲ್ಲಿ ನಡೆಯಬೇಕು. ಇಡೀ ಸಮುದಾಯ ಸೇರಿ ಮಾತಾಡಬೇಕಾದ ಸಂಗತಿಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟವಿದೆ, ಅದರ ಹೆಸರು 'ಅರಳಿಕಟ್ಟೆ'. ಎಷ್ಟು ಸರಿಯಾದ ಹೆಸರು! ಅಲ್ಲಿ 'ನನಗೆ ಗೊತ್ತು' ಎಂಬುದು ಸಾಕ್ಷಿಯಾಗುವುದಿಲ್ಲ. ಪುಸ್ತಕ, ಪತ್ರಿಕೆ, ಶಾಸನ, ಗೆಜೆಟಿಯರ್ ಹೀಗೆ ಬೇರೆಯವರೂ ತೆಗೆದು ನೋಡಬಹುದಾದ ಆಧಾರ ಬೇಕು. ಭಿನ್ನಾಭಿಪ್ರಾಯ ಇದ್ದರೆ ಎರಡೂ ಪಕ್ಷವನ್ನು ಆಧಾರ ಸಹಿತ ಹೇಳಬೇಕು. ಹಟ ಹಿಡಿದು ಪದೇಪದೇ ಹಿಂದಕ್ಕೆ ತಿರುಗಿಸುವವರನ್ನು ತಡೆಯಲು, ಪುಟಕ್ಕೆ ಕೆಲಕಾಲ ಬೀಗ ಹಾಕಲು, ಸಮುದಾಯವೇ ಆರಿಸಿದ ನಿರ್ವಾಹಕರಿರುತ್ತಾರೆ.

ಇಷ್ಟಿದ್ದರೂ ಸೋಲುವುದುಂಟು. 2005ರ ಮೇ ತಿಂಗಳಲ್ಲಿ ಜಾನ್ ಸೀಗೆಂತಾಲರ್ ಎಂಬ ಅಮೆರಿಕದ ಹಿರಿಯ ಪತ್ರಕರ್ತರ ಬಗ್ಗೆ ಯಾರೋ ಇಂಗ್ಲಿಷ್ ವಿಕಿಪೀಡಿಯದಲ್ಲಿ, ಕೆನೆಡಿ ಸೋದರರ ಹತ್ಯೆಯಲ್ಲಿ ಅವರ ಮೇಲೆ ಶಂಕೆ ಇತ್ತು ಎಂದು ಹಸಿ ಸುಳ್ಳು ಬರೆದರು. ಅದು ನಾಲ್ಕು ತಿಂಗಳು ಹಾಗೆಯೇ ಉಳಿಯಿತು. ಆ ಪುಟವನ್ನು ಯಾರೂ ಗಮನವಿಟ್ಟು ನೋಡುತ್ತಿರಲಿಲ್ಲ. ಆ ಪ್ರಕರಣದ ನಂತರವೇ ಅಲ್ಲಿ ಖಾತೆ ಇಲ್ಲದವರು ಹೊಸ ಲೇಖನ ಶುರು ಮಾಡುವುದನ್ನು ನಿಲ್ಲಿಸಿದರು. ಸರಿಪಡಿಸುವ ಸಲಕರಣೆ ಎಷ್ಟೇ ಚೆನ್ನಾಗಿರಲಿ, ತಪ್ಪನ್ನು ಕಾಣುವ ಕಣ್ಣು ಬೇಕೇ ಬೇಕು. ಇಂಗ್ಲಿಷಿನಲ್ಲಿ ಆ ಕಣ್ಣುಗಳು ಸಾವಿರಾರು. ಕನ್ನಡದಲ್ಲಿ ದಿನವೂ ಕೆಲಸ ಮಾಡುವವರು ಬೆರಳೆಣಿಕೆಯಷ್ಟು, ಆದ್ದರಿಂದ ಇಲ್ಲಿನ ತಪ್ಪು ಹೆಚ್ಚು ದಿನ ಉಳಿಯುವ ಸಂಭವ ಹೆಚ್ಚು. ಓದುವಾಗ ಆಧಾರ ಕೊಟ್ಟಿದ್ದಾರೆಯೇ, ಕೊನೆಗೆ ತಿದ್ದಿದ್ದು ಯಾವಾಗ ಎಂದು ನೋಡುವುದು ಓದುಗರ ಕೈಯಲ್ಲೇ ಇದೆ.

## ಹಳದಿ ಒಬ್ಬರದು, ಹಸಿರು ಇನ್ನೊಬ್ಬರದು

ಕೂಡಿ ಮಾಡುವ ಕೆಲಸದಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಂಡದ್ದು ವಿಕಿಸೋರ್ಸ್. ಹಳೆಯ ಪುಸ್ತಕಗಳನ್ನು ಅಕ್ಷರ ರೂಪಕ್ಕೆ ತರುವ ತಾಣ ಅದು. ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಒಂದೊಂದು ಪುಟ ತೆರೆದರೂ ಒಂದು ಪಕ್ಕದಲ್ಲಿ ಅಚ್ಚಿನ ಚಿತ್ರ, ಇನ್ನೊಂದು ಪಕ್ಕದಲ್ಲಿ ಯಂತ್ರ ಆ ಚಿತ್ರದಿಂದ ಗುರುತಿಸಿದ ಅಕ್ಷರ. ಯಂತ್ರ 'ಪ'ವನ್ನು 'ಷ' ಎಂದೋ, ಒತ್ತನ್ನು ಬೇರೇನೋ ಎಂದೋ ಓದಿರುತ್ತದೆ. ಚಿತ್ರ ನೋಡುತ್ತ ಅದನ್ನು ತಿದ್ದಬೇಕು.

ಯಾರೂ ನೋಡದ ಪುಟದ ಬಣ್ಣ ಕೆಂಪು. ಒಬ್ಬರು ಪೂರ್ತಿ ತಿದ್ದಿದರೆ ಹಳದಿ. ಹಳದಿಯಾದದ್ದನ್ನು ಇನ್ನೊಬ್ಬರು ಮತ್ತೊಮ್ಮೆ ಮೂಲದ ಜೊತೆ ತಾಳೆ ನೋಡಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ವ್ಯವಸ್ಥೆ ಬಿಡುವುದಿಲ್ಲ. ನಾವೇ ಬರೆದದ್ದರಲ್ಲಿ ನಮ್ಮ ಕಣ್ಣಿಗೆ ತಪ್ಪು ಕಾಣುವುದಿಲ್ಲ ಎಂಬ ಹಳೆಯ ಅನುಭವವನ್ನೇ ಇಲ್ಲಿ ನಿಯಮ ಮಾಡಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದರಿಂದ, ಅದರ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಹುಡುಕಿದರೆ ಸಿಗುತ್ತವೆ. ದಿನಕ್ಕೆ ಅರ್ಧ ಗಂಟೆ ಬಿಡುವಿರುವ, ಕಾಗುಣಿತ ಗಟ್ಟಿ ಇರುವ ಯಾರಾದರೂ ಒಂದು ಪುಟ ಹಳದಿ ಮಾಡಬಹುದು.

ನಕ್ಷೆಯನ್ನೂ ಹೀಗೆ ಕೂಡಿ ಬರೆಯುತ್ತಾರೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ದಾರಿ, ಕೆರೆ, ಕುಡಿಯುವ ನೀರಿನ ಟ್ಯಾಂಕು ಎಲ್ಲವನ್ನೂ ಬಲ್ಲವರೇ ಗುರುತಿಸುತ್ತಾರೆ. ಊರ ಹೆಸರನ್ನು ಕನ್ನಡದಲ್ಲಿ ಬರೆಯಲು ಪ್ರತ್ಯೇಕ ಜಾಗವೇ ಇದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ, ಬೇರೆ ಬೇರೆ ದೇಶಗಳಲ್ಲಿ ಕೂತ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ಪೋರ್ಟ್-ಔ-ಪ್ರಿನ್ಸ್ ನಗರದ ವಿವರವಾದ ನಕ್ಷೆ ಬರೆದು ಕೊಟ್ಟರು. ನೆರವಿನ ತಂಡಗಳು ಅದನ್ನು ಬಳಸಿದವು.

## ಬರೆದದ್ದು ಯಾರ ಸ್ವತ್ತು?

ಭಾರತದ ಕಾಯ್ದೆಯಲ್ಲಿ ಬರಹದ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಯಾರ ಭಾಗ ಯಾವುದೆಂದು ಬಿಡಿಸಲಾಗದಂತೆ ಹಲವರು ಕೂಡಿ ಬರೆದಿದ್ದರೆ, ಅವರಲ್ಲಿ ಕೊನೆಗೆ ತೀರಿಕೊಂಡವರಿಂದ ಆ 60 ವರ್ಷದ ಎಣಿಕೆ. ಅಂದರೆ ನಮ್ಮ ಸಂಚಿಕೆಯ 'ಶಾಲೆಯ ಇತಿಹಾಸ' ಎಂಬ ಅಧ್ಯಾಯ ಅದನ್ನು ಬರೆದ ಅಷ್ಟೂ ಜನರದ್ದು. ಮುಂದೆ ಯಾರಾದರೂ ಮರುಮುದ್ರಣ ಮಾಡಬೇಕೆಂದರೆ ಎಲ್ಲರನ್ನೂ ಹುಡುಕಿಕೊಂಡು ಹೋಗಬೇಕು.

ಈ ಗಂಟನ್ನು ಬಿಚ್ಚಲು ವಿಕಿಪೀಡಿಯ ಮೊದಲೇ ಒಪ್ಪಿಗೆ ತೆಗೆದುಕೊಳ್ಳುತ್ತದೆ. ಪ್ರಕಟಿಸುವ ಗುಂಡಿ ಒತ್ತಿದಿರೆಂದರೆ, ನಿಮ್ಮ ಬರಹವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು ಎಂದು ಒಪ್ಪಿದಂತೆ. ಷರತ್ತು ಎರಡು: ಬರೆದವರಿಗೆ ಮನ್ನಣೆ ಕೊಡಬೇಕು, ತಾವು ತಿದ್ದಿ ಮಾಡಿದ್ದನ್ನೂ ಇದೇ ಷರತ್ತಿನ ಮೇಲೆ ಹಂಚಬೇಕು. ಇದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಎನ್ನುತ್ತಾರೆ. ಇದೇ ಕಾರಣಕ್ಕೆ ಪತ್ರಿಕೆಯಲ್ಲಿ ಬಂದ ಲೇಖನವನ್ನು ಎತ್ತಿ ಅಲ್ಲಿ ಅಂಟಿಸುವಂತಿಲ್ಲ. ನಮ್ಮದಲ್ಲದ್ದನ್ನು ದಾನ ಮಾಡಲು ನಮಗೆ ಹಕ್ಕಿಲ್ಲ.

## ಬಾಗಿಲು ಎಷ್ಟು ತೆರೆಯಬೇಕು?

ಊರಿಗೆಲ್ಲ ತೆರೆದ ವಿಕಿಗೂ ಹತ್ತು ಜನರ ಪುಟಕ್ಕೂ ಬೀಗದ ಲೆಕ್ಕ ಬೇರೆ. ಗೂಗಲ್ ಡಾಕ್ಸ್‌ನಲ್ಲಿ ಮೂರು ಅಂತಸ್ತಿನ ಅನುಮತಿ ಇದೆ: ಬರೀ ಓದುವುದು, ಓದಿ ಕಾಮೆಂಟ್ ಬರೆಯುವುದು, ತಿದ್ದುವುದು. ಇವುಗಳ ನಡುವೆ 'ಸಲಹೆ' ಎಂಬ ಬಗೆಯೂ ಉಂಟು. ನೀವು ತಿದ್ದಿದ್ದು ಬೇರೆ ಬಣ್ಣದಲ್ಲಿ ಕಾಣುತ್ತ ಕಾದಿರುತ್ತದೆ, ಹೊಣೆ ಹೊತ್ತವರು ಒಪ್ಪಿದ ಮೇಲೆ ಬರಹದಲ್ಲಿ ಸೇರುತ್ತದೆ. ಹಿರಿಯರ ಬರಹಕ್ಕೆ ನೇರ ಕೈಹಾಕಲು ಸಂಕೋಚ ಪಡುವವರಿಗೆ ಇದು ಬಹಳ ಅನುಕೂಲ.

ನಾವು ಶುರುವಿನಲ್ಲಿ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. 'ಲಿಂಕ್ ಇರುವ ಯಾರಾದರೂ ತಿದ್ದಬಹುದು' ಎಂದು ಇಟ್ಟು, ಆ ಲಿಂಕನ್ನು ಇನ್ನೂರು ಜನರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೆವು. ಪುಟದ ಕೊನೆಯಲ್ಲಿ ಹಳೆ ವಿದ್ಯಾರ್ಥಿಗಳ ಫೋನ್ ನಂಬರುಗಳ ಪಟ್ಟಿ ಇತ್ತು. ಲಿಂಕ್ ಎಲ್ಲೆಲ್ಲಿಗೆ ಹೋಯಿತೋ ಆ ನಂಬರುಗಳೂ ಅಲ್ಲಲ್ಲಿಗೆ ಹೋದವು. ಪಟ್ಟಿ ತೆಗೆದೆವು, ಆದರೆ ಮೇಲೆ ಹೇಳಿದ ಗುಣ ಇಲ್ಲಿ ನಮಗೇ ಎದುರಾಯಿತು: ತಿದ್ದುವ ಅನುಮತಿ ಇದ್ದವರು ಹಳೆಯ ಆವೃತ್ತಿ ತೆರೆದರೆ ಪಟ್ಟಿ ಅಲ್ಲೇ ಇತ್ತು. ಕೊನೆಗೆ ಹೊಸ ಪುಟ ಮಾಡಿ, ಬರಹವನ್ನು ಅಲ್ಲಿಗೆ ಸಾಗಿಸಿ, ಹಳೆಯದನ್ನು ಮುಚ್ಚಿದೆವು. ಫೋನ್ ನಂಬರು, ಆಧಾರ್, ಬ್ಯಾಂಕಿನ ವಿವರಗಳನ್ನು ಇಂಥ ಪುಟದಲ್ಲಿ ಬರೆಯಲೇಬೇಡಿ.

ಸಂಚಿಕೆ ಅಚ್ಚಾಗಿ ಬಂದ ಮೇಲೆ ಒಂದು ಸಂಜೆ ಮೇಷ್ಟ್ರು ನಮ್ಮ ತಾಲ್ಲೂಕಿನ ಕನ್ನಡ ವಿಕಿಪೀಡಿಯ ಪುಟ ತೆರೆಸಿ, ಕನ್ನಡಕ ಏರಿಸಿಕೊಂಡು ಓದುತ್ತಿದ್ದರು. ಒಂದು ಕಡೆ ಬೆರಳಿಟ್ಟು, "ಇದು ತಪ್ಪಲ್ಲವೇನೋ?" ಎಂದರು. 'ಸ್ತಾಪನೆ' ಎಂದಿತ್ತು. ಫೋನನ್ನು ಅವರ ಕೈಗೇ ಕೊಟ್ಟೆ. ಅವರದ್ದೊಂದು ಖಾತೆ ಮಾಡಿಕೊಂಡು, ತ ಅಳಿಸಿ ಥ ಹಾಕಿದರು. ಸಾರಾಂಶದಲ್ಲಿ 'ಮಹಾಪ್ರಾಣ ತಿದ್ದಿದೆ' ಎಂದು ನಿಧಾನವಾಗಿ ಟೈಪಿಸಿ ಪ್ರಕಟಿಸಿದರು. ಇತಿಹಾಸ ಪುಟ ತೆರೆದು ನೋಡಿದೆವು. ತ ಹೋಗಿ ಥ ಬಂದಿದ್ದರಿಂದ ಬೈಟಿನ ಲೆಕ್ಕದಲ್ಲಿ ಸೊನ್ನೆ. ಅದರ ಪಕ್ಕದಲ್ಲಿ ಅವರ ಹೆಸರು, ತಾರೀಖು, ಸಂಜೆ 6 ಗಂಟೆ 12 ನಿಮಿಷ.